ಆಳಸಮುದ್ರ ಬೋಟಿಗೆ ಇಂಟರ್‌ನೆಟ್, ಟಿವಿ: ಎತ್ತರ, ಕೇಬಲ್, ಬ್ಯಾಟರಿ ಲೆಕ್ಕ

ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಯಾಂತ್ರೀಕೃತ ಬೋಟುಗಳು ಜೂನ್ 1ರಿಂದ ಜುಲೈ 31ರವರೆಗೆ ದಡದಲ್ಲೇ ಇರುತ್ತವೆ. ಬಣ್ಣ, ಎಂಜಿನ್, ಬಲೆ ಕೆಲಸವೆಲ್ಲ ಈ 61 ದಿನಗಳಲ್ಲೇ ಮುಗಿಯಬೇಕು. ಬೋಟಿಗೆ ವೈಫೈ, ಟಿವಿ ಹಾಕಿಸುವವರಿಗೂ ಇದೇ ಸಮಯ. ಆಗ ಮಾಲಕರು ಮೊದಲು ಕೇಳುವ ಪ್ರಶ್ನೆ, "ಯಾವ ಬೂಸ್ಟರ್ ಒಳ್ಳೆಯದು?" ದಾರಿ ತಪ್ಪುವುದು ಅಲ್ಲೇ. ದುಡ್ಡು ಹಾಕಬೇಕಾದದ್ದು ಎತ್ತರಕ್ಕೆ, ಆಮೇಲೆ ಕೇಬಲ್‌ಗೆ.

ಬೂಸ್ಟರ್ ವಿಷಯ ಇಲ್ಲೇ ಮುಗಿಸಿಬಿಡೋಣ. ಮೊಬೈಲ್ ಸಿಗ್ನಲ್ ಬೂಸ್ಟರ್ ಅಥವಾ ರಿಪೀಟರ್ ಹಾಕುವ ಹಕ್ಕು ನಮ್ಮ ದೇಶದಲ್ಲಿ ಪರವಾನಗಿ ಇರುವ ಮೊಬೈಲ್ ಕಂಪನಿಗಳಿಗೆ ಮಾತ್ರ. ಆನ್‌ಲೈನ್‌ನಲ್ಲಿ ಮಾರುತ್ತಾರೆ ಎಂಬ ಕಾರಣಕ್ಕೆ ಅದು ಕಾನೂನುಬದ್ಧ ಆಗುವುದಿಲ್ಲ. ಕಾನೂನು ಬದಿಗಿರಲಿ, ಅಗ್ಗದ ಬೂಸ್ಟರ್ ಸಿಗ್ನಲ್ ಜೊತೆಗೆ ಗದ್ದಲವನ್ನೂ ಹಿಗ್ಗಿಸಿ ಟವರಿನ ಕಡೆಗೆ ಎಸೆಯುತ್ತದೆ. ದಡದಲ್ಲಿರುವವರ ಕರೆಗಳೂ ಕೆಡುತ್ತವೆ. ಹೊರಗಿನ ಆಂಟೆನಾ ಜೋಡಿಸಿದ ರೌಟರ್‌ಗೆ ಈ ತಕರಾರಿಲ್ಲ. ಟವರಿನ ಕಣ್ಣಿಗೆ ಅದೂ ಒಂದು ಮೊಬೈಲ್ ಫೋನ್, ಅಷ್ಟೇ.

ಸಿಗ್ನಲ್ ಎಲ್ಲಿಯವರೆಗೆ

ಸಮುದ್ರದ ಮೇಲೆ ಮರ, ಕಟ್ಟಡ ಅಡ್ಡ ಇಲ್ಲ. ಅಡ್ಡ ಬರುವುದು ಭೂಮಿಯ ಉಬ್ಬು. ಲೆಕ್ಕ ಸುಲಭ: ಟವರಿನ ಎತ್ತರದ ವರ್ಗಮೂಲ, ನಿಮ್ಮ ಆಂಟೆನಾದ ಎತ್ತರದ ವರ್ಗಮೂಲ, ಎರಡನ್ನೂ ಮೀಟರ್‌ನಲ್ಲಿ ತೆಗೆದು ಕೂಡಿಸಿ 4.12ರಿಂದ ಗುಣಿಸಿದರೆ ಕಿಲೋಮೀಟರ್ ಸಿಗುತ್ತದೆ. ದಡದಲ್ಲಿ 40 ಮೀಟರ್ ಟವರ್ ಇದ್ದು, ಕಲಾಸಿಯ (ಬೋಟಿನ ಕೆಲಸಗಾರನ) ಕೈಯಲ್ಲಿರುವ ಫೋನ್ ನೀರಿನಿಂದ 3 ಮೀಟರ್ ಮೇಲಿದ್ದರೆ ಸುಮಾರು 33 ಕಿ.ಮೀ., ಅಂದರೆ 18 ನಾಟಿಕಲ್ ಮೈಲಿ. ಆಂಟೆನಾ ಮಾಸ್ಟ್ (ಬೋಟಿನ ಕಂಬ) ಮೇಲೆ 9 ಮೀಟರ್‌ನಲ್ಲಿದ್ದರೆ 38 ಕಿ.ಮೀ. ದಾಟುತ್ತದೆ. ಟವರ್ ಗುಡ್ಡದ ಮೇಲಿದ್ದು ಸಮುದ್ರಮಟ್ಟದಿಂದ ಒಟ್ಟು 100 ಮೀಟರ್ ಎತ್ತರವಾದರೆ ಅದೇ ಮಾಸ್ಟಿಗೆ 53 ಕಿ.ಮೀ., ಹತ್ತಿರ ಹತ್ತಿರ 29 ಮೈಲಿ. ಕಾರವಾರ, ಅಂಕೋಲಾ ಕಡೆ ಗುಡ್ಡಗಳು ಸಮುದ್ರದ ಬಾಯಿಗೇ ಬಂದು ನಿಂತಿರುವುದರಿಂದ ಅಲ್ಲಿ ಸಿಗ್ನಲ್ ಚಾಚಲು ಅವಕಾಶ ಹೆಚ್ಚು. ಮಣಿಪಾಲದಂಥ ಎತ್ತರದ ಊರಿನ ಟವರ್ ಅಂದಕೂಡಲೇ ಹಿಗ್ಗಬೇಡಿ. ಊರಿನ ಜನರಿಗಾಗಿ ಹಾಕಿದ ಆಂಟೆನಾವನ್ನು ಕಂಪನಿಯವರು ಕೆಳಕ್ಕೆ ಬಾಗಿಸಿರುತ್ತಾರೆ. ಅದರ ಜೋರು ಊರಿನ ಮೇಲೇ ಬೀಳುತ್ತದೆ.

3 ಮೀಟರ್‌ನಿಂದ 9 ಮೀಟರ್‌ಗೆ ಏರಿಸಿದರೆ ಬರೀ 5 ಕಿ.ಮೀ. ಲಾಭವೇ ಎಂದು ಅನಿಸಬಹುದು. ಅದು ಭೂಮಿಯ ಉಬ್ಬಿನ ಲೆಕ್ಕ ಮಾತ್ರ. ಕ್ಯಾಬಿನ್ ಒಳಗಿನ ಫೋನ್‌ಗೆ ಗೋಡೆಯ ತಡೆ, ಹಿಡಿದವನ ಮೈಯ ತಡೆ ಎರಡೂ ಇವೆ. ಮರ ಅಥವಾ ಫೈಬರ್ ಕ್ಯಾಬಿನ್ ಸ್ವಲ್ಪ ನುಂಗಿದರೆ, ಉಕ್ಕಿನ ಬೋಟು ಬಹುಪಾಲು ನುಂಗಿಬಿಡುತ್ತದೆ. ಮಾಸ್ಟ್ ಮೇಲಿನ ಆಂಟೆನಾ ಈ ನಷ್ಟವನ್ನೆಲ್ಲ ತಪ್ಪಿಸುತ್ತದೆ. 12 ಮೈಲಿಗೇ ಒದ್ದಾಡುತ್ತಿದ್ದ ವಿಡಿಯೊ 18 ಮೈಲಿಯಲ್ಲೂ ಓಡುವುದು ಹೀಗೆ.

ಎತ್ತರ ಸಾಕಾದರೂ ಇನ್ನೊಂದು ಗೋಡೆ ಇದೆ: ಸಮಯದ ಮಿತಿ. ಹಳೆಯ 2ಜಿಯಲ್ಲಿ ಫೋನ್ ಕಳಿಸಿದ ಸಂಕೇತ ತನ್ನ ಸರದಿಯೊಳಗೆ ಟವರ್ ಮುಟ್ಟಬೇಕಾದ್ದರಿಂದ 35 ಕಿ.ಮೀ. ಆಚೆ ಸಾಮಾನ್ಯ ಜೋಡಣೆಯಲ್ಲಿ ಕರೆ ಹತ್ತುವುದೇ ಇಲ್ಲ. 4ಜಿಗೆ ತಾಂತ್ರಿಕವಾಗಿ 100 ಕಿ.ಮೀ.ವರೆಗೆ ಅವಕಾಶ ಇದ್ದರೂ, ಟವರನ್ನು ಹೇಗೆ ಹೊಂದಿಸಿದ್ದಾರೆ ಎಂಬುದರ ಮೇಲೆ ಅದು 14, 29 ಅಥವಾ 77 ಕಿ.ಮೀ.ಗೇ ನಿಲ್ಲಬಹುದು. ಊರಿನ ಬಳಕೆಗೆ ಇಟ್ಟ 14 ಕಿ.ಮೀ. ಹೊಂದಿಕೆ ಇದ್ದರೆ ಸಿಗ್ನಲ್ ಗೀಟು ಕಾಣುತ್ತದೆ, ಸೇವೆ ಮಾತ್ರ ಇಲ್ಲ. ಇದಕ್ಕೆ ಆಂಟೆನಾ ಬದಲಿಸಿ ಫಲವಿಲ್ಲ. ಬೇರೆ ಕಂಪನಿಯ ಸಿಮ್ ಹಾಕುವುದೊಂದೇ ದಾರಿ.

ಆದ್ದರಿಂದ ಎರಡು ಸಿಮ್ ಹಿಡಿಯುವ ರೌಟರ್ ಬೇಕು, ಎರಡೂ ಬೇರೆ ಬೇರೆ ಕಂಪನಿಯವು ಇರಬೇಕು. ಕಡಿಮೆ ಮೆಗಾಹರ್ಟ್ಸ್‌ನ ಬ್ಯಾಂಡುಗಳಿಗೆ (ತರಂಗದ ಪಟ್ಟಿಗಳಿಗೆ) ಆದ್ಯತೆ ಕೊಡಿ: ಜಿಯೋದ 850 ಮೆಗಾಹರ್ಟ್ಸ್, ಅಂದರೆ ಬ್ಯಾಂಡ್ 5, ಏರ್‌ಟೆಲ್‌ನ 900, ಅಂದರೆ ಬ್ಯಾಂಡ್ 8, ಬಿಎಸ್‌ಎನ್‌ಎಲ್ 4ಜಿಯ 700, ಅಂದರೆ ಬ್ಯಾಂಡ್ 28. ದೂರಕ್ಕೆ ಇವೇ ಗತಿ. 2300 ಮೆಗಾಹರ್ಟ್ಸ್‌ನ ಬ್ಯಾಂಡ್ 40 ದಡದ ಹತ್ತಿರ ವೇಗ ಕೊಡುತ್ತದೆ. ಆದರೆ ಅದು ಕಳಿಸುವುದು, ಪಡೆಯುವುದು ಎರಡಕ್ಕೂ ಒಂದೇ ತರಂಗವನ್ನು ಸರದಿಯಲ್ಲಿ ಬಳಸುವ ವ್ಯವಸ್ಥೆ. ನಡುವೆ ಬಿಡುವ ಅಂತರ ಚಿಕ್ಕದಿದ್ದಷ್ಟೂ ದೂರದ ಮಿತಿ ಚಿಕ್ಕದು; ಸಾಮಾನ್ಯ ಹೊಂದಿಕೆಯಲ್ಲಿ 20 ಕಿ.ಮೀ. ಆಸುಪಾಸು. ಹೊರದೇಶದಿಂದ ತರಿಸಿದ ರೌಟರ್ ಆದರೆ ಬ್ಯಾಂಡ್ 5 ಇದೆಯೇ ಎಂದು ಡಬ್ಬದ ಮೇಲೆ ನೋಡಿಯೇ ಕೊಳ್ಳಿ. ಬೇರೆ ಖಂಡಕ್ಕೆ ಮಾಡಿದ ಮಾದರಿಗಳಲ್ಲಿ ನಮ್ಮ ಬ್ಯಾಂಡ್ ಬಿಟ್ಟುಹೋಗಿರುವುದುಂಟು.

ಆಂಟೆನಾ ಮತ್ತು ಆ ಹತ್ತು ಮೀಟರ್ ಕೇಬಲ್

ಅಂಗಡಿಯಲ್ಲಿ 12 ಡಿಬಿಐ (ಆಂಟೆನಾದ ಗಳಿಕೆಯ ಅಳತೆ) ಆಂಟೆನಾ ತೋರಿಸಿ ಇದೇ ಜೋರು ಎನ್ನುತ್ತಾರೆ. ಮನೆಯ ತಾರಸಿಗೆ ಸರಿ, ಬೋಟಿಗೆ ಅಲ್ಲ. ಸುತ್ತಲೂ ಹರಡುವ ಆಂಟೆನಾದ ಗಳಿಕೆ ಹೆಚ್ಚಿದಷ್ಟೂ ಅದರ ಕಿರಣ ಮೇಲೆ ಕೆಳಗೆ ತೆಳ್ಳಗಾಗುತ್ತದೆ. 9 ಡಿಬಿಐಗೆ ಸುಮಾರು 14 ಡಿಗ್ರಿ ದಪ್ಪ ಮಾತ್ರ. ಬಲೆ ಎತ್ತುವಾಗ ಬೋಟು ಒಂದು ಕಡೆಗೆ 10 ಡಿಗ್ರಿ ವಾಲಿದರೆ ಒಂದು ಬದಿಯ ಕಿರಣ ಆಕಾಶಕ್ಕೆ, ಇನ್ನೊಂದು ನೀರಿಗೆ. ಟವರಿನ ಕಡೆಗೆ ಏನೂ ಉಳಿಯುವುದಿಲ್ಲ. 5ರಿಂದ 6 ಡಿಬಿಐ ಸಾಕು. ಯಾಗಿಯಂಥ, ಒಂದೇ ದಿಕ್ಕಿಗೆ ನೋಡುವ ಆಂಟೆನಾವಂತೂ ಬೇಡವೇ ಬೇಡ. ಲಂಗರು ಹಾಕಿದ ಬೋಟೂ ಗಾಳಿಗೆ, ನೀರಿನ ಸೆಳೆತಕ್ಕೆ ಸುತ್ತುತ್ತಲೇ ಇರುತ್ತದೆ.

ಆಂಟೆನಾ ಎರಡು ಬೇಕು. 4ಜಿ ರೌಟರ್‌ನ ಎರಡು ಕಿಂಡಿಗಳಿಗೂ ಒಂದೊಂದು. ಒಂದನ್ನು ಖಾಲಿ ಬಿಟ್ಟರೆ ವೇಗ ಅರ್ಧಕ್ಕೆ ಇಳಿಯಬಹುದು. ವಯರ್‌ಲೆಸ್ ಸೆಟ್ಟಿನ ಆಂಟೆನಾದಿಂದ ಕನಿಷ್ಠ ಒಂದು ಮೀಟರ್ ದೂರ ಇರಲಿ. ರಾಡಾರ್ ತಿರುಗುವ ಮಟ್ಟಕ್ಕೆ ಸರಿಯಾಗಿ ಅದರ ಎದುರು ಕೂರಿಸಬೇಡಿ.

ಇನ್ನು ಕೇಬಲ್. ಮಾಸ್ಟ್‌ನಿಂದ ಕ್ಯಾಬಿನ್‌ಗೆ 10 ಮೀಟರ್ ಎಂದಿಟ್ಟುಕೊಳ್ಳಿ. ಸಣ್ಣ ಆರ್‌ಜಿ-58 ಕೇಬಲ್ ಹಾಕಿದರೆ 900 ಮೆಗಾಹರ್ಟ್ಸ್‌ನಲ್ಲಿ ಸುಮಾರು 5 ಡಿಬಿ (ಸಿಗ್ನಲಿನ ಏರಿಳಿತದ ಅಳತೆ), 1800ರಲ್ಲಿ 7 ಡಿಬಿ ದಾರಿಯಲ್ಲೇ ಸೋರಿಹೋಗುತ್ತದೆ. ಆಂಟೆನಾ ಕೊಟ್ಟ 5 ಡಿಬಿಯನ್ನು ಕೇಬಲ್ ನುಂಗಿತು, ಕೈಗೆ ಬಂದದ್ದು ಸೊನ್ನೆ. ದಪ್ಪನೆಯ ಎಲ್‌ಎಂಆರ್-400 ಹಾಕಿದರೆ ನಷ್ಟ 900ರಲ್ಲಿ 1.3 ಡಿಬಿ, 1800ರಲ್ಲಿ ಸುಮಾರು 2. ಆದರೆ ಅದು ಬಾಗದ ದಪ್ಪ ಕೇಬಲ್, ಎರಡೆಳೆ ಬೇಕು, ದುಬಾರಿ ಕೂಡ.

ನನ್ನ ಆಯ್ಕೆ ಬೇರೆ. ರೌಟರನ್ನೇ ಮಾಸ್ಟ್‌ಗೆ ಏರಿಸುವುದು. ನೀರು, ದೂಳು ಒಳಹೋಗದ ಐಪಿ67 ದರ್ಜೆಯ ಡಬ್ಬದೊಳಗೆ ರೌಟರ್, ಅದರಿಂದ ಆಂಟೆನಾಗಳಿಗೆ ಅರ್ಧ ಮೀಟರ್ ಕೇಬಲ್, ಕೆಳಕ್ಕೆ ಒಂದೇ ಒಂದು ಹೊರಾಂಗಣ ದರ್ಜೆಯ ಕ್ಯಾಟ್-6. ವಿದ್ಯುತ್ತೂ ಡೇಟಾವೂ ಅದೇ ಕೇಬಲ್‌ನಲ್ಲಿ. ನೆಟ್‌ವರ್ಕ್ ಕೇಬಲ್‌ನಲ್ಲಿ 10 ಮೀಟರ್ ಎಂಬುದು ಲೆಕ್ಕಕ್ಕೇ ಇಲ್ಲ. ಕ್ಯಾಬಿನ್ ಒಳಗೆ ಒಂದು ಸಣ್ಣ ವೈಫೈ ಪೆಟ್ಟಿಗೆ ಇಟ್ಟರಾಯಿತು. ಉಕ್ಕಿನ ಬೋಟಾದರೆ ಕಲಾಸಿಗಳು ಮಲಗುವ ಕಡೆ ಇನ್ನೊಂದು ಬೇಕು, ಏಕೆಂದರೆ ವೈಫೈ ಉಕ್ಕಿನ ಗೋಡೆ ದಾಟುವುದಿಲ್ಲ. ಡಬ್ಬದ ಬಣ್ಣ ಬಿಳಿಯದೇ ಇರಲಿ. ಮನೆಯ ರೌಟರ್ 40 ಡಿಗ್ರಿ ಶಾಖಕ್ಕೆ ಮಾಡಿದ್ದು. ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಡಬ್ಬದೊಳಗೆ ಅದು ಮಧ್ಯಾಹ್ನಕ್ಕೇ ಕೈಕೊಡುತ್ತದೆ. ಕೈಗಾರಿಕಾ ದರ್ಜೆಯವು 75 ಡಿಗ್ರಿವರೆಗೆ ತಡೆಯುತ್ತವೆ.

ಉಪ್ಪುಗಾಳಿಗೆ ಮೊದಲು ಸಾಯುವುದು ಜೋಡಣೆಯ ಕೊಂಡಿಗಳು. ಪ್ರತಿ ಕೊಂಡಿಗೂ ಮೊದಲು ಒಂದು ಸುತ್ತು ಮಾಮೂಲಿ ಪಿವಿಸಿ ಟೇಪ್, ಅದರ ಮೇಲೆ ಎಳೆದಾಗ ತನಗೆ ತಾನೇ ಅಂಟುವ ರಬ್ಬರ್ ಟೇಪ್, ಕೊನೆಗೆ ಬಿಸಿಲು ತಡೆಯಲು ಮತ್ತೆ ಪಿವಿಸಿ. ಒಳಗಿನ ಸುತ್ತು ಯಾಕೆಂದರೆ, ರಬ್ಬರನ್ನು ನೇರ ಕೊಂಡಿಗೆ ಸುತ್ತಿದರೆ ಮುಂದೆ ಬಿಚ್ಚುವಾಗ ಚಾಕುವಿನಲ್ಲಿ ಕೆರೆಯಬೇಕಾಗುತ್ತದೆ. ಕೇಬಲ್ ಡಬ್ಬದ ಒಳಹೋಗುವ ತೂತು ಕೆಳಮುಖವಾಗಿರಬೇಕು, ಅದಕ್ಕೂ ಮುಂಚೆ ಕೇಬಲ್ ಒಂದು ಬಾಗು ಇಳಿದು ಏರಬೇಕು. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ವೇಗ ದಿನದಿಂದ ದಿನಕ್ಕೆ ಕುಸಿಯುತ್ತಿದೆ, ಮಳೆ ಬಂದಾಗ ಇನ್ನೂ ಕೆಡುತ್ತಿದೆ ಎಂದಾದರೆ ಸಿಮ್ ಕಂಪನಿಗೆ ಬಯ್ಯುವ ಮೊದಲು ಕೊಂಡಿ ಬಿಚ್ಚಿ ನೋಡಿ. ನಡುವಿನ ತಾಮ್ರದ ಸೂಜಿ ಹಸಿರುಗಟ್ಟಿದ್ದರೆ ಅದನ್ನು ಒರೆಸಿ ಪ್ರಯೋಜನವಿಲ್ಲ, ಕೊಂಡಿಯನ್ನೇ ಕತ್ತರಿಸಿ ಹೊಸದು ಹಾಕಬೇಕು.

ಗೀಟು ನಂಬಬೇಡಿ

ಫೋನಿನ ಮೇಲಿನ ಗೀಟುಗಳು ಸಮಾಧಾನಕ್ಕೆ ಮಾತ್ರ. ರೌಟರ್‌ನ ಪುಟದಲ್ಲಿ ಎರಡು ಅಂಕಿ ನೋಡಿ. ಆರ್‌ಎಸ್‌ಆರ್‌ಪಿ ಎಂಬುದು ಸಿಗ್ನಲಿನ ಬಲ: ಮೈನಸ್ 80 ಎಂದರೆ ಭರ್ಜರಿ, ಮೈನಸ್ 100 ನಡೆಯುತ್ತದೆ, ಮೈನಸ್ 110 ದಾಟಿದರೆ ಕಷ್ಟ, ಮೈನಸ್ 120 ಎಂದರೆ ಅಂಚು. ಎಸ್‌ಐಎನ್‌ಆರ್ ಎಂಬುದು ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬುದು: 10ರ ಮೇಲಿದ್ದರೆ ಎಚ್‌ಡಿ ವಿಡಿಯೊ ಓಡುತ್ತದೆ, 0ಯಿಂದ 5ರ ನಡುವೆ ಸಾಧಾರಣ ಗುಣಮಟ್ಟದ 480ಪಿ, ಸೊನ್ನೆಗಿಂತ ಕೆಳಗೆ ಹೋದರೆ ಚಕ್ರ ತಿರುಗುತ್ತಲೇ ಇರುತ್ತದೆ.

ಕೆಲವೊಮ್ಮೆ ದಡದಿಂದ ಬರೀ 5 ಮೈಲಿಯಲ್ಲಿ ಬಲ ಚೆನ್ನಾಗಿದ್ದೂ ವಿಡಿಯೊ ಓಡುವುದಿಲ್ಲ. ಅಡ್ಡವೇನೂ ಇಲ್ಲದ ನೀರಿನ ಮೇಲೆ ಉದ್ಯಾವರದಿಂದ ಬ್ರಹ್ಮಾವರದವರೆಗಿನ ಟವರುಗಳೆಲ್ಲ ಒಟ್ಟಿಗೆ ಕೇಳಿಸುತ್ತವೆ, ಒಂದರ ಮಾತು ಇನ್ನೊಂದಕ್ಕೆ ಗದ್ದಲ. ರೌಟರ್ ಯಾವುದಕ್ಕೂ ನಿಲ್ಲದೆ ಟವರಿನಿಂದ ಟವರಿಗೆ ಹಾರುತ್ತದೆ. ಬ್ಯಾಂಡ್ ಲಾಕ್ ಮಾಡುವ ಸೌಲಭ್ಯ ಇರುವ ರೌಟರಾದರೆ ಒಂದೊಂದೇ ಬ್ಯಾಂಡ್ ಹಾಕಿ ಎಸ್‌ಐಎನ್‌ಆರ್ ಎಲ್ಲಿ ಹೆಚ್ಚಿದೆ ನೋಡಿ, ಅಲ್ಲೇ ನಿಲ್ಲಿಸಿ.

ದೂರ ಹೋದಾಗಿನ ತೊಂದರೆ ತಿರುಗಾಮುರುಗಾ. ವಾಟ್ಸಾಪ್ ಸಂದೇಶ ಬರುತ್ತದೆ, ನಮ್ಮದು ಹೋಗುವುದಿಲ್ಲ. ಟವರ್ ಹತ್ತಾರು ವ್ಯಾಟ್‌ನಲ್ಲಿ ಮಾತಾಡುತ್ತದೆ, ಫೋನಾಗಲಿ ರೌಟರಾಗಲಿ ಕಳಿಸುವುದು ಹೆಚ್ಚೆಂದರೆ 0.2 ವ್ಯಾಟ್. ಮೊದಲು ಸೋಲುವುದು ನಮ್ಮ ದನಿ. ವಿಡಿಯೊ ನೋಡಲೂ "ಬಂತು, ಮುಂದಿನದು ಕಳಿಸು" ಎಂದು ನಾವು ಹೇಳುತ್ತಲೇ ಇರಬೇಕಾದ್ದರಿಂದ ಈ ದನಿ ಸತ್ತರೆ ಟಿವಿಯೂ ನಿಂತಂತೆ. ಕೇಬಲ್ ನಷ್ಟಕ್ಕೆ ನಾನು ಇಷ್ಟು ತಲೆಕೆಡಿಸಿಕೊಳ್ಳುವುದು ಇದಕ್ಕೇ. ಅದು ಹೋಗುವ ದಾರಿಯಲ್ಲೂ ಬರುವ ದಾರಿಯಲ್ಲೂ ತಿನ್ನುತ್ತದೆ.

ಬೋಟು ನಡೆಸುವ ತಾಂಡೇಲರಿಗೆ ಒಂದು ಮಾತು: ಜಿಪಿಎಸ್ ಪ್ಲಾಟರ್‌ನಲ್ಲಿ ಮೀನಿನ ಜಾಗ ಗುರುತು ಹಾಕುವಂತೆ ಸಿಗ್ನಲಿನ ಅಂಚನ್ನೂ ಗುರುತು ಹಾಕಿ, ಪ್ರತಿ ಸಿಮ್‌ಗೆ ಬೇರೆ ಬೇರೆ. ಕೆಲವೇ ಟ್ರಿಪ್ಪಿನಲ್ಲಿ ದಡಕ್ಕೆ ಸಮಾನಾಂತರವಾದ ಒಂದು ಸೊಟ್ಟ ಗೆರೆ ಮೂಡುತ್ತದೆ. ಯಾವ ಕಂಪನಿಯ ನಕ್ಷೆಗಿಂತಲೂ ಇದು ವಾಸಿ.

ಬ್ಯಾಟರಿ

ದೊಡ್ಡ ಬೋಟುಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿಸಿದ 24 ವೋಲ್ಟ್ ಇರುತ್ತದೆ. 12 ವೋಲ್ಟ್ ಬೇಕೆಂದು ಒಂದೇ ಬ್ಯಾಟರಿಯ ಎರಡು ತುದಿಗೆ ವೈರ್ ಕೊಡುವುದನ್ನು ಬಹಳ ಕಡೆ ಕಾಣಬಹುದು. ಹಾಗೆ ಮಾಡಿದರೆ ಒಂದು ಬ್ಯಾಟರಿ ಸದಾ ಇಳಿದಿರುತ್ತದೆ, ಇನ್ನೊಂದು ಸದಾ ಮಿತಿಮೀರಿ ಚಾರ್ಜ್ ಆಗುತ್ತದೆ, ಜೋಡಿಯೇ ಬೇಗ ಹಾಳು. 24ರಿಂದ 12ಕ್ಕೆ ಇಳಿಸುವ ಡಿಸಿ ಕನ್ವರ್ಟರ್ ಹಾಕಿ, ಅದರ ಮುಂದೆ 3 ಆಂಪಿಯರ್ ಫ್ಯೂಸ್. ಟಿವಿಗೆ ಬೇರೆ ಕನ್ವರ್ಟರ್, ಬೇರೆ ಫ್ಯೂಸ್.

ಎಂಜಿನ್ ಓಡುವಾಗ ಈ ವ್ಯವಸ್ಥೆ 28.8 ವೋಲ್ಟ್‌ವರೆಗೆ ಏರುತ್ತದೆ. 9ರಿಂದ 30 ವೋಲ್ಟ್ ತಡೆಯುವ ರೌಟರ್‌ಗೆ ನೇರ ಕೊಟ್ಟರೆ ಉಳಿದ ಅಂತರ ಬರೀ 1.2 ವೋಲ್ಟ್. ಆಲ್ಟರ್ನೇಟರ್ ಒಮ್ಮೆ ಚಿಮ್ಮಿದರೂ ರೌಟರ್ ಹೋಯಿತು. ಸ್ಟಾರ್ಟ್ ಮಾಡುವಾಗ ಉಲ್ಟಾ, ವೋಲ್ಟ್ ಕುಸಿದು ರೌಟರ್ ರೀಸ್ಟಾರ್ಟ್ ಆಗುತ್ತದೆ. ಕನ್ವರ್ಟರ್ ಈ ಎರಡನ್ನೂ ಬಹುಮಟ್ಟಿಗೆ ನುಂಗಿಕೊಳ್ಳುತ್ತದೆ.

8 ವ್ಯಾಟ್ ರೌಟರ್ ದಿನವಿಡೀ ಓಡಿದರೆ 24 ವೋಲ್ಟಿನಲ್ಲಿ 8 ಆಂಪಿಯರ್-ಅವರ್. 24 ಇಂಚಿನ ಎಲ್‌ಇಡಿ ಟಿವಿ 30 ವ್ಯಾಟ್ ಎಂದು ಹಿಡಿದರೆ ನಾಲ್ಕು ಗಂಟೆಗೆ 5 ಆಂಪಿಯರ್-ಅವರ್. ಬಲೆ ಎಳೆಯುತ್ತಿರುವಾಗ ಎಂಜಿನ್ ಓಡುತ್ತಲೇ ಇರುವುದರಿಂದ ಚಿಂತೆಯಿಲ್ಲ. ರಾತ್ರಿ ಲಂಗರು ಹಾಕಿ ಎಂಜಿನ್ ನಿಲ್ಲಿಸಿದಾಗ ಮಾತ್ರ ಜಾಗ್ರತೆ. ಸ್ಟಾರ್ಟರ್‌ನ ಬ್ಯಾಟರಿಯನ್ನು ಟಿವಿಗೆ ಕುಡಿಸಿದರೆ ಬೆಳಿಗ್ಗೆ ಎಂಜಿನ್ ಏಳುವುದಿಲ್ಲ. ವೋಲ್ಟ್ ಇಳಿದಾಗ ತಾನೇ ಕಡಿದುಹಾಕುವ ಕಟ್‌ಆಫ್ ಹಾಕಿ, ಇಲ್ಲವೇ ಟಿವಿ, ರೌಟರ್‌ಗೆಂದೇ ಬೇರೆ ಬ್ಯಾಟರಿ ಮತ್ತು ಕ್ಯಾಬಿನ್ ಮೇಲೊಂದು 100 ವ್ಯಾಟ್ ಸೋಲಾರ್ ಫಲಕ ಇಡಿ.

ಟಿವಿ

ಮನೆಯ ಡಿಶ್ ತಂದು ಬೋಟಿಗೆ ಕಟ್ಟಿದರೆ ಆಗದೇ? ಡಿಡಿ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15ರಿಂದ. ಮಲ್ಪೆಯಿಂದ ನೋಡಿದರೆ ಅದು ಆಗ್ನೇಯಕ್ಕೆ, ಉತ್ತರದಿಂದ ಸುಮಾರು 124 ಡಿಗ್ರಿ ದಿಕ್ಕಿನಲ್ಲಿ, ನೆಲದಿಂದ 63 ಡಿಗ್ರಿ ಮೇಲೆ. 60 ಸೆಂ.ಮೀ. ಡಿಶ್‌ನ ಕಿರಣ ಮೂರು ಡಿಗ್ರಿಯೂ ದಪ್ಪ ಇಲ್ಲ. ದಕ್ಕೆಯಲ್ಲಿ (ದಡದ ಬೋಟು ಕಟ್ಟೆಯಲ್ಲಿ) ಗಟ್ಟಿಯಾಗಿ ಕಟ್ಟಿದ ಬೋಟಿನಲ್ಲೇ ಪಕ್ಕದ ಬೋಟು ತಾಗಿದರೆ ಚಿತ್ರ ಹೋಗುತ್ತದೆ, ಸಮುದ್ರದಲ್ಲಿ ಕೇಳುವುದೇ ಬೇಡ. ಅಲೆಗೆ ತಕ್ಕಂತೆ ತಾನೇ ತಿರುಗುವ ಗುಮ್ಮಟದ ಆಂಟೆನಾಗಳು ಇವೆ, ದೊಡ್ಡ ಹಡಗು, ವಿಹಾರನೌಕೆಗಳಲ್ಲಿ ಕಾಣುತ್ತವೆ. ಬೆಲೆ ಲಕ್ಷಗಳಲ್ಲಿ. ಮೀನು ಹಿಡಿಯುವ ಬೋಟಿಗೆ ಅದು ಹೇಳಿಸಿದ್ದಲ್ಲ.

ಹಾಗಾಗಿ ಸಿಗ್ನಲ್ ಇರುವಷ್ಟು ದೂರ ಸ್ಟ್ರೀಮಿಂಗ್, ಆಮೇಲೆ ಡೌನ್‌ಲೋಡ್. ಗಂಟೆಗೆ ಎಚ್‌ಡಿ 3 ಜಿಬಿವರೆಗೆ ತಿನ್ನುತ್ತದೆ, ಸಾಧಾರಣ ಗುಣಮಟ್ಟ 1 ಜಿಬಿಯೊಳಗೆ. ದಿನಕ್ಕೆ 2 ಜಿಬಿಯ ಪ್ಲಾನ್ ಹಾಕಿ ಎಚ್‌ಡಿಯಲ್ಲಿ ಕ್ರಿಕೆಟ್ ಹಚ್ಚಿದರೆ ಮೊದಲ ಇನಿಂಗ್ಸ್ ಮುಗಿಯುವ ಮೊದಲೇ ಡೇಟಾ ಖಾಲಿ. ಆ್ಯಪ್‌ನಲ್ಲಿ ಗುಣಮಟ್ಟವನ್ನು "ಆಟೊ" ಬಿಡದೆ 480ಪಿಗೆ ಕಟ್ಟಿಹಾಕಿ; 24 ಇಂಚಿನ ಪರದೆಗೆ ಅಷ್ಟು ಸಾಕು. ನೇರಪ್ರಸಾರ ಮುಗ್ಗರಿಸುತ್ತಿದ್ದರೆ ಅರ್ಧ ನಿಮಿಷ ಹಿಂದಕ್ಕೆ ಎಳೆದು ನೋಡಿ, ಮುಂದಿನ ತುಣುಕುಗಳನ್ನು ಕೂಡಿಟ್ಟುಕೊಳ್ಳಲು ಆ್ಯಪ್‌ಗೆ ಸಮಯ ಸಿಗುತ್ತದೆ. ವಿಕೆಟ್ ಬಿದ್ದ ಸುದ್ದಿ ಪಕ್ಕದ ಬೋಟಿನಿಂದ ವಯರ್‌ಲೆಸ್‌ನಲ್ಲಿ ಮೊದಲೇ ಬಂದರೆ ಅದಕ್ಕೆ ಮದ್ದಿಲ್ಲ.

ಡೇಟಾ ತಿನ್ನುವ ಕಳ್ಳ ಟಿವಿ ಅಲ್ಲ, ಕಲಾಸಿಗಳ ಜೇಬಿನ ಫೋನುಗಳು. ವೈಫೈ ಎಂದು ತಿಳಿದಕೂಡಲೇ ಎಲ್ಲ ಫೋನುಗಳೂ ಆ್ಯಪ್ ಅಪ್‌ಡೇಟ್, ಫೋಟೊ ಬ್ಯಾಕಪ್ ಶುರುಮಾಡುತ್ತವೆ. ಆ್ಯಂಡ್ರಾಯ್ಡ್‌ನಲ್ಲಿ ಆ ವೈಫೈ ಹೆಸರಿನ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು "ಮೀಟರ್ಡ್" (ಡೇಟಾಕ್ಕೆ ಮಿತಿ ಇರುವುದು) ಎಂದು ಗುರುತಿಸಿದರೆ ಇವು ಬಹುಪಾಲು ನಿಲ್ಲುತ್ತವೆ. ರೌಟರ್‌ನಲ್ಲಿ ಪ್ರತಿ ಫೋನ್‌ಗೆ ವೇಗದ ಮಿತಿ ಹಾಕುವುದೂ ಒಳ್ಳೆಯದು.

ಡೌನ್‌ಲೋಡ್ ಹೊರಡುವ ಹಿಂದಿನ ದಿನ ಮನೆಯ ವೈಫೈನಲ್ಲಿ ಆಗಬೇಕು, ಫೋನ್ ಅಥವಾ ಟ್ಯಾಬ್‌ಗೆ. ಟಿವಿಗೆ ಸಿಕ್ಕಿಸುವ ಸ್ಟಿಕ್ಕುಗಳನ್ನು ಇದಕ್ಕೆ ನಂಬಬೇಡಿ, ಅವುಗಳ ಜೀವ ಇರುವುದೇ ಇಂಟರ್‌ನೆಟ್‌ನಲ್ಲಿ. ಗಡುವುಗಳನ್ನೂ ನೋಡಿಕೊಳ್ಳಿ: ನೆಟ್‌ಫ್ಲಿಕ್ಸ್‌ನ ಕೆಲವು ಸಿನಿಮಾಗಳು ಒಮ್ಮೆ ಹಚ್ಚಿದ ಮೇಲೆ 48 ಗಂಟೆಗೆ ಮುಗಿಯುತ್ತವೆ. ಹತ್ತು ದಿನದ ಟ್ರಿಪ್ಪಿಗೆ ಹೊರಟವರು ಎಲ್ಲವನ್ನೂ ಮೊದಲ ದಿನವೇ ಸ್ವಲ್ಪ ಸ್ವಲ್ಪ ನೋಡಿಟ್ಟರೆ ಮೂರನೇ ದಿನಕ್ಕೆ ಖಾಲಿ ಕೈ. ಫೋನಿನ ಚಿತ್ರ ಟಿವಿಗೆ ಬರಲು ಟೈಪ್-ಸಿಯಿಂದ ಎಚ್‌ಡಿಎಂಐ ಕೇಬಲ್ ಬೇಕು. ಆದರೆ ಎಲ್ಲ ಫೋನುಗಳ ಟೈಪ್-ಸಿ ಕಿಂಡಿಗೂ ಚಿತ್ರ ಕಳಿಸುವ ಶಕ್ತಿ ಇಲ್ಲ, ಅಗ್ಗದ ಫೋನುಗಳಿಗೆ ಬಹುಶಃ ಇರುವುದೇ ಇಲ್ಲ. ದಕ್ಕೆಯಲ್ಲೇ ಪರೀಕ್ಷಿಸಿ. ಪೆನ್‌ಡ್ರೈವ್ ಆದರೆ, ಎಫ್‌ಎಟಿ32 ಮಾದರಿಯಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ ಎಂಬುದು ನೆನಪಿರಲಿ.

ಉಪಗ್ರಹ

ಗಲ್ಫಿನಿಂದ ಬಂದವರ ಕೈಯಲ್ಲಿ ಉಪಗ್ರಹ ಫೋನ್, ಸ್ಟಾರ್‌ಲಿಂಕ್ ತಟ್ಟೆ ತರಿಸಿ ಬೋಟಿಗೆ ಇಟ್ಟರಾಯಿತಲ್ಲ ಎನ್ನುವವರಿದ್ದಾರೆ. ಖಂಡಿತ ಬೇಡ. ತುರಾಯಾ, ಇರಿಡಿಯಂ ಫೋನುಗಳನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. 2008ರ ಮುಂಬೈ ದಾಳಿಯ ನಂತರ ಕರಾವಳಿಯಲ್ಲಿ ಇದರ ಮೇಲಿನ ಕಣ್ಣು ಇನ್ನೂ ಬಿಗಿ. ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ, ಬಾಹ್ಯಾಕಾಶ ಕ್ಷೇತ್ರಕ್ಕೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಇನ್-ಸ್ಪೇಸ್‌ನ ಒಪ್ಪಿಗೆ ಜುಲೈನಲ್ಲಿ. ಕಂಪನಿಗೆ ಪರವಾನಗಿ ಸಿಕ್ಕಿತೆಂದರೆ ಹೊರದೇಶದ ಖಾತೆಯ ತಟ್ಟೆ ಇಲ್ಲಿ ಸಕ್ರಮವಾಯಿತು ಎಂದಲ್ಲ. ಇಲ್ಲಿ, ಬೋಟಿನ ಬಳಕೆಗೆಂದೇ ಅಧಿಕೃತವಾಗಿ ಮಾರಿದ ಸಂಪರ್ಕ ಮಾತ್ರ ಸುರಕ್ಷಿತ. ಆ ದಿನಕ್ಕೆ ತಯಾರಿ ಬೇಕೆಂದರೆ ವಿದ್ಯುತ್ ಲೆಕ್ಕ ಇಷ್ಟು: ಸ್ಟಾರ್‌ಲಿಂಕ್ ಮಿನಿ 12ರಿಂದ 48 ವೋಲ್ಟ್ ಡಿಸಿಯಲ್ಲಿ ಓಡುತ್ತದೆ, 25ರಿಂದ 40 ವ್ಯಾಟ್ ಕುಡಿಯುತ್ತದೆ. ನಿಮ್ಮ 24 ವೋಲ್ಟಿಗೆ ಇನ್ವರ್ಟರ್ ಇಲ್ಲದೆ ಹೊಂದುತ್ತದೆ.

ಮರ್ಚಂಟ್ ನೇವಿಯಲ್ಲಿರುವ ನಮ್ಮೂರ ಹುಡುಗರ ಕಥೆ ಬೇರೆ. ಹಡಗು ಕೆಲಸಗಾರರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಆದ ತಿದ್ದುಪಡಿ 2024ರ ಡಿಸೆಂಬರ್ 23ರಿಂದ ಜಾರಿಯಲ್ಲಿದೆ. ಅದರಂತೆ ಸಾಧ್ಯವಾದ ಮಟ್ಟಿಗೆ ಇಂಟರ್‌ನೆಟ್ ಒದಗಿಸುವುದು ಹಡಗಿನ ಮಾಲಕರ ಹೊಣೆ. ಮೀನುಗಾರಿಕೆ ಬೋಟು ಆ ಒಪ್ಪಂದದ ವ್ಯಾಪ್ತಿಗೆ ಬರುವುದಿಲ್ಲ.

ನಮ್ಮ ಬೋಟುಗಳಿಗೆ ಉಪಗ್ರಹದ ಮೂಲಕ ಈಗ ಕಾನೂನುಬದ್ಧವಾಗಿ ಸಿಗುವುದು ಇಸ್ರೊ ರೂಪಿಸಿದ ಟ್ರಾನ್ಸ್‌ಪಾಂಡರ್. ಮತ್ಸ್ಯಸಂಪದ ಯೋಜನೆಯಡಿ ಒಂದು ಲಕ್ಷ ಬೋಟುಗಳಿಗೆ ಹಾಕುವ 364 ಕೋಟಿ ರೂಪಾಯಿಯ ಕಾರ್ಯಕ್ರಮ 2024ರ ಆಗಸ್ಟ್‌ನಲ್ಲಿ ಶುರುವಾಯಿತು. ಇದರಲ್ಲಿ ಇಂಟರ್‌ನೆಟ್ ಇಲ್ಲ, ಟಿವಿ ಇಲ್ಲ. ಎರಡೂ ಕಡೆಯಿಂದ ಚಿಕ್ಕ ಸಂದೇಶ ಹೋಗಿಬರುತ್ತದೆ, ಹವಾಮಾನದ ಎಚ್ಚರಿಕೆ ಬರುತ್ತದೆ, ಅಪಾಯದ ಗುಂಡಿ ಒತ್ತಿದರೆ ದಡಕ್ಕೆ ತಿಳಿಯುತ್ತದೆ. ಫೋನಿಗೆ ನಭಮಿತ್ರ ಆ್ಯಪ್ ಹಾಕಿ ಬ್ಲೂಟೂತ್‌ನಲ್ಲಿ ಜೋಡಿಸಬೇಕು. ಆ ಜೋಡಣೆ, ಒಂದು ಪರೀಕ್ಷಾ ಸಂದೇಶ, ಎರಡೂ ದಕ್ಕೆ ಬಿಡುವ ಮೊದಲೇ ಆಗಲಿ, ಕನಿಷ್ಠ ಇಬ್ಬರ ಫೋನಿನಲ್ಲಿ. ಮಾಸ್ಟ್ ಮೇಲೆ ಹೊಸ ಆಂಟೆನಾ ಹಾಕುವಾಗ ಟ್ರಾನ್ಸ್‌ಪಾಂಡರ್ ಪೆಟ್ಟಿಗೆಯ ಮೇಲ್ಭಾಗದ ಆಕಾಶ ಮುಚ್ಚದಂತೆ ನೋಡಿಕೊಳ್ಳಿ. ಸಿಗ್ನಲ್ ಇರುವಲ್ಲಿ ಕೋಸ್ಟ್ ಗಾರ್ಡ್ ಸಂಖ್ಯೆ 1554, ಕರಾವಳಿ ಕಾವಲು ಪೊಲೀಸ್ 1093. ಸಿಗ್ನಲ್ ಇಲ್ಲದಲ್ಲಿ ವಯರ್‌ಲೆಸ್‌ನ 16ನೇ ಚಾನೆಲ್. ಟಿವಿ ಹಚ್ಚಿದಾಗಲೂ ವಯರ್‌ಲೆಸ್‌ನ ದನಿ ತಗ್ಗಿಸಬೇಡಿ.